ನಾಲ್ಕನೇ ಟ್ಯಾಂಕಿನ ಇರುವೆಗಳು

ಪರಾನಾ ನದಿಯ ದಡದಲ್ಲಿ ನಮ್ಮ ಕಾರ್ಖಾನೆ.
ಲಾರಿಗಟ್ಟಲೆ ಸೋಯಾ ಬರುತ್ತದೆ,
ಡೀಸೆಲ್ಲಾಗಿ ಹಡಗು ಹತ್ತುತ್ತದೆ.
ಹತ್ತು ಪಾಲು ಡೀಸೆಲ್ಲಿಗೆ ಒಂದು ಪಾಲು
ಕಂದು ಬಣ್ಣದ, ಜೋನಿಬೆಲ್ಲದಂಥ ಗ್ಲಿಸರಿನ್
ತಳದಲ್ಲಿ ಉಳಿದುಬಿಡುತ್ತದೆ,
ಮದುವೆ ಮುಗಿದರೂ ಹೊರಡದ ನೆಂಟನ ಹಾಗೆ.

ಒಂದು ಕಾಲಕ್ಕೆ ಸಾಬೂನಿನವರು ಕೊಳ್ಳುತ್ತಿದ್ದರಂತೆ.
ಈಗ ಎಲ್ಲರ ಹಿತ್ತಿಲಲ್ಲೂ ಅದೇ, ಕೇಳುವವರಿಲ್ಲ.
ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡವರು ನಾವು;
ಬಿಟ್ಟು ನೋಡಿದರೆ
ನಾಲ್ಕನೇ ಟ್ಯಾಂಕೂ ತುಂಬಿತ್ತು.

ಇನ್ನು ಚಿಮಣಿ.
ಅದು ಬಿಡುವ ಉಸಿರಿಗೆ ಬಣ್ಣವಿಲ್ಲ, ವಾಸನೆಯಿಲ್ಲ,
ಲೆಕ್ಕ ಮಾತ್ರ ಇದೆ:
ತಿಂಗಳ ಕೊನೆಗೆ ನಾನೇ ಬರೆದು
ನಾನೇ ಸಹಿ ಹಾಕುವ ಲೆಕ್ಕ.

ಆ ಚಳಿಗಾಲ ನೆಲಿದಾ ಸಪ್ಪೋನಿ ಬಂದಳು,
ದಪ್ಪ ಸ್ಟೀಲಿನ ಒಂದು ಪಾತ್ರೆ,
ನಶ್ಯದ ಡಬ್ಬಿಯಷ್ಟು ಹಳದಿ ಇರಿಡಿಯಂ ಪುಡಿ.
"ಎರಡೂ ಯಾರಿಗೂ ಬೇಡದವು,
ಒಂದೇ ಪಾತ್ರೆಗೆ ಹಾಕಿ ನೋಡೋಣ" ಅಂದಳು.
ಚಿಮಣಿಯ ಉಸಿರನ್ನು ಕ್ಷಾರದ ನೀರಿಗೆ ಊದಿದೆವು.
ಬಿಳಿ ಉಪ್ಪಾಗಿ ಕೂತಿತು.
ಇಷ್ಟು ವರ್ಷ ಬರೆದದ್ದನ್ನು
ಆ ದಿನ ಮುಟ್ಟಿ ನೋಡಿದೆ.

ಕಾವಲಿನ ಎವುಸೆಬಿಯೊಗೆ ಆಕೆ ಬಿಡಿಸಿ ಹೇಳಿದ್ದು:
ಗ್ಲಿಸರಿನ್ ಹತ್ತಿರ ಹೈಡ್ರೋಜನ್ ಮಿಕ್ಕಿದೆ,
ಈ ಉಪ್ಪಿಗೆ ಅದೇ ಬೇಕು, ನಡುವೆ ಪುಡಿ.
ಇಲ್ಲಿ ಈಸಿಕೊಳ್ಳುತ್ತದೆ, ಅಲ್ಲಿ ಕೊಡುತ್ತದೆ,
ತನಗೆಂದು ಏನೂ ಇಟ್ಟುಕೊಳ್ಳುವುದಿಲ್ಲ.
ಮಾಟೆ ಕಷಾಯದ ಬುರುಡೆಗೆ ಬಿಸಿನೀರು ಹನಿಸುತ್ತ
ಮುದುಕ ನಕ್ಕ:
"ನಾನು ಎಲ್ಲರಿಗೂ ಇದನ್ನು ಹಂಚುವ ಹಾಗೆ.
ಆದರೆ ಮೊದಲ ಗುಟುಕು ನನ್ನದಪ್ಪ."

ಮೊದಲ ರಾತ್ರಿ ಏನೂ ಆಗಲಿಲ್ಲ.
ನಮ್ಮ ಗ್ಲಿಸರಿನ್ನಿನಲ್ಲಿ ಸಾಬೂನು, ಉಪ್ಪು, ನೂರೆಂಟು ಕೊಳೆ;
ಪುಡಿ ಕಪ್ಪಗಾಗಿ ಸತ್ತಿತು.
ಅದರ ಬೆಲೆ ನನ್ನ ಎಂಟು ತಿಂಗಳ ಸಂಬಳ.
ಮೂರನೇ ಸಲ, ಏಳನೇ ಸಲ.
ನೆಲಿದಾ ತನ್ನಜ್ಜಿಯ ಪಿಯೆಮೊಂತೆ ಮಾತಿನಲ್ಲಿ
ಪಾತ್ರೆಯ ಏಳು ತಲೆಮಾರನ್ನು ಬೈದಳು.
ಸೋಸಿದೆವು. ಮತ್ತೆ ಸೋಸಿದೆವು.

ಹನ್ನೊಂದನೆಯ ಸಲ, ಬೆಳಗಿನ ನಾಲ್ಕಕ್ಕೆ,
ಮುಚ್ಚಳ ತೆಗೆದು ಆಮ್ಲ ಬಿಟ್ಟದ್ದೇ ತಡ,
ಬಾಗಿಲಲ್ಲಿ ನಿಂತಿದ್ದ ಎವುಸೆಬಿಯೊ ಮೂಗರಳಿಸಿ
"ಇರುವೆ" ಅಂದ.

ಯಂತ್ರಕ್ಕೆ ಅದನ್ನೇ ಹೇಳಲು ನಲವತ್ತು ನಿಮಿಷ ಬೇಕಾಯಿತು.
ಕಾಗದದ ಮೇಲೆ ಎರಡು ದಿಬ್ಬ:
ಒಂದು ಮೊಸರಿನ ಹುಳಿ, ಒಂದು ಇರುವೆಯ ಹುಳಿ.
ಆರು ವರ್ಷದವನಾಗಿ ಉತ್ತರದ ಕೆಬ್ರಾಚೊ ಕಾಡಿನಲ್ಲಿ
ಗೊತ್ತಿಲ್ಲದೆ ಹುತ್ತದ ಮೇಲೆ ಕೂತಿದ್ದನಂತೆ ಮುದುಕ;
ಅಪ್ಪ ಕೊಡಲಿ ಬಿಸಾಡಿ ಓಡಿಬಂದು ಹೆಗಲಿಗೇರಿಸಿದಾಗ
ಮೈಯೆಲ್ಲ ಇದೇ ವಾಸನೆ.

ಯಾರಿಗೆ ಇದು, ಅಂದ.
ಮೊಸರಿನದು ಮಣ್ಣಲ್ಲಿ ಕೊಳೆಯುವ ಪ್ಲಾಸ್ಟಿಕ್ಕಿಗೆ,
ಇರುವೆಯದು ತೊಗಲು ಹದಮಾಡುವವರಿಗೆ, ಅಂದಳು.
"ತೊಗಲಿಗಾ?"
ಬುರುಡೆಯನ್ನು ಮೇಜಿನ ಮೇಲಿಟ್ಟ.
"ಅಪ್ಪ ಆ ಕಾಡು ಕಡಿದದ್ದೂ ತೊಗಲಿಗೇ.
ತೊಗಟೆ, ತಿರುಳು, ಎಲ್ಲ ಕುದಿಸಿ ಒಯ್ದರು.
ಈಗ ಅಲ್ಲಿ ಸೋಯಾ."
ಯಾರೂ ಮಾತಾಡಲಿಲ್ಲ.
ಕಾಡಿಗೆ ಬೇಕಿದ್ದದ್ದು ಬಿಸಿಲು ಮಾತ್ರ,
ಇರಿಡಿಯಂ ಅಲ್ಲ ಎಂದು
ನೆಲಿದಾಳಿಗೂ ಹೊಳೆದಿರಬೇಕು;
ಸೀಸೆಗೆ ಚೀಟಿ ಅಂಟಿಸುತ್ತ ತಾರೀಖು ತಪ್ಪು ಬರೆದಳು.

ಸೀಸೆಯಲ್ಲಿ ಹದಿನೈದು ಗ್ರಾಂ.
ಚಿಮಣಿಗೆ ಅದು ಕಣ್ಣು ಮಿಟುಕಿಸುವ ಹೊತ್ತಿನ ಕೆಲಸವೂ ಅಲ್ಲ.
ಲೆಕ್ಕ ನನಗೆ ಗೊತ್ತು.

ಹೊರಗೆ ಬೆಳಕು ಹರಿದಿತ್ತು, ನದಿ ಕೆಂಪಗೆ.
ನಾಲ್ಕನೇ ಟ್ಯಾಂಕಿನ ನಲ್ಲಿ ಎಂದಿನಂತೆ ಸೋರುತ್ತಿತ್ತು,
ಅದರ ಬುಡಕ್ಕೆ ಇರುವೆಗಳ ಸಾಲು.
ಸಿಹಿ ತಿಂದು ಹುಳಿ ಹೊತ್ತು
ಒಂದರ ಹಿಂದೊಂದು ಹೋಗುತ್ತಿದ್ದವು.
ಎವುಸೆಬಿಯೊ ಬೂಟು ಸರಿಸಿ ದಾರಿ ಬಿಟ್ಟ.
ನಾನು ನಲ್ಲಿಯ ದುರಸ್ತಿಗೆ
ಚೀಟಿ ಬರೆಯಬೇಕಿತ್ತು,
ಆ ದಿನ ಬರೆಯಲಿಲ್ಲ.