ಹರಿಯಬೇಕಾದ ಪಟ್ಟಿ

ಅಲ್ ಐನ್‌ನ ಜನವರಿ. ರಾತ್ರಿ ಮರಳೂ ನಡುಗುತ್ತದೆ.
ಮೈಗೂದಲು ಕತ್ತರಿಸಿದ ಕುದುರೆಗಳಿಗೆ ಕಂಬಳಿ ಹೊದಿಸಬೇಕು:
ಎದೆಯ ಬಕಲ್ ಮೊದಲು, ಹೊಟ್ಟೆಯ ಪಟ್ಟಿ ಆಮೇಲೆ,
ಕಾಲಿನದು ಕೊನೆಗೆ. ಬಿಚ್ಚುವಾಗ ತಿರುವುಮುರುವು.
ಕುಣಿಗಲ್ಲಿನ ಲಾಯದಲ್ಲಿ ಅಪ್ಪ ಕೈಹಿಡಿದು ಕಲಿಸಿದ್ದು.
ಹೊಟ್ಟೆಗೂ ಪಟ್ಟಿಗೂ ನಡುವೆ ಒಂದು ಅಂಗೈ ಜಾಗ;
ಹೆಚ್ಚಾದರೆ ಗೊರಸು ಸಿಕ್ಕೀತು, ಕಡಿಮೆಯಾದರೆ ಚರ್ಮ ಸುಲಿದೀತು.

ಮೊನ್ನೆ ರೀಮ್‌ಗೆ ಹೊಸ ತಲೆಪಟ್ಟಿ ಬಂತು.
ನೇರಳೆ ನೈಲಾನು, ಹಿತ್ತಾಳೆಯಲ್ಲಿ ಕೆತ್ತಿದ ಹೆಸರು.
‘ಆನೆ ಎಳೆದರೂ ಹರಿಯಲ್ಲ’ ಎಂದಿದ್ದ ಅಂಗಡಿಯವ.
ಅದನ್ನು ಬಿಚ್ಚದೆ ಅವಳನ್ನು ಬಯಲಿಗೆ ಬಿಟ್ಟವನು ನಾನೇ.
ಕಿವಿ ತುರಿಸಿತೇನೋ, ಬೇಲಿಯ ಕಂಬಕ್ಕೆ ತಲೆಯುಜ್ಜಿದಳು.
ಗುಲ್‌ಜಮಾನ್ ಚಾಕು ಹಿಡಿದು ಓಡಿದ,
ನಾನು ಅವನ ಹಿಂದೆ.

ಅಂಗಡಿಯವ ಸುಳ್ಳು ಹೇಳಿರಲಿಲ್ಲ.

ಖಾಲಿ ಲಾಯ ಗುಡಿಸಿ ಹೊರಬರುವಾಗ
ನನ್ನ ಕೊರಳಿನ ಐಡಿ ಕಾರ್ಡಿನ ದಾರ ಗೇಟಿನ ಚಿಲಕಕ್ಕೆ ಸಿಕ್ಕಿತು.
ಟಕ್. ತಾನೇ ಬಿಟ್ಟುಕೊಂಡಿತು.
ಕತ್ತಿನ ಹಿಂದೊಂದು ಪ್ಲಾಸ್ಟಿಕ್ ಕೊಂಡಿ, ಇದಕ್ಕೆಂದೇ ಇಟ್ಟದ್ದು,
ಅರ್ಧ ದಿರ್ಹಮಿನದಿರಬಹುದು.
ನಾಲ್ಕು ವರ್ಷ ತೊಟ್ಟಿದ್ದರೂ ನೋಡಿರಲಿಲ್ಲ.
ಅಲ್ಲೇ ಮರಳಲ್ಲಿ ಕೂತುಬಿಟ್ಟೆ.

ಈಗ ನನ್ನ ಹಳೇ ಚರ್ಮದ ಬೆಲ್ಟು ಕುಯ್ದು
ಉಳಿದ ಹದಿನಾರು ತಲೆಪಟ್ಟಿಗೂ ಕಿವಿಯ ಹಿಂದೆ
ಒಂದೊಂದು ತೆಳು ತುಂಡು ಹೊಲಿದಿದ್ದೇನೆ.
ಮೊಣಕಾಲಿಗೆ ಒತ್ತಿ ಎಳೆದು ನೋಡುತ್ತೇನೆ:
ಹರಿದರೆ ಸರಿ, ಮತ್ತೆ ಹೊಲಿಯುತ್ತೇನೆ.
ಹರಿಯದಿದ್ದರೆ ಇನ್ನಷ್ಟು ಹೆರೆಯುತ್ತೇನೆ.
ಬಯಲಿಗೆ ಬಿಡುವ ಮುನ್ನ ಅದನ್ನೂ ಬಿಚ್ಚುತ್ತೇನೆ, ಎರಡು ಸಲ ನೋಡುತ್ತೇನೆ.

‘ನಿನ್ನ ಪ್ಯಾಂಟು ಜಾರೀತು’ ಎನ್ನುತ್ತಾನೆ ಗುಲ್‌ಜಮಾನ್.
ನಗುವುದಿಲ್ಲ. ಸೂಜಿಗೆ ದಾರ ಪೋಣಿಸಿ ಕೊಡುತ್ತಾನೆ.