ಆರು-ಎಂಟು

ಎಸ್.ಪಿ. ರೋಡಿನ ಮೂರಡಿ ಅಗಲದ ಅಂಗಡಿಯಲ್ಲಿ
ಸಿಬ್ಗತ್ ಅದನ್ನು ನನ್ನ ಅಂಗೈಗೆ ಹಾಕಿದ.
ಹುಣಸೆಬೀಜದಷ್ಟು ಚಿಪ್ಪು, ಹದಿನಾರು ಕಾಲು.
"ವರ್ಷಕ್ಕೆ ಎರಡು ನಿಮಿಷ ತಪ್ಪಿದರೆ ಹೆಚ್ಚು ಮೇಡಂ,
ನಮ್ಮ ಚಾಚಾ ದಿನಕ್ಕೆ ಎರಡು ಗಂಟೆ ತಪ್ಪುತ್ತಾರೆ."
ಆಮೇಲೆ ಪಥ್ಯ ಹೇಳುವವನಂತೆ ದನಿ ತಗ್ಗಿಸಿ:
"ಈ ಡಯೋಡು ಮೊದಲು ಕಿತ್ತುಬಿಡಿ.
ಹೊಟ್ಟೆ ತುಂಬಿದ ಸೆಲ್ಲಿಗೇ ಬಡಿಸಿ ಬಡಿಸಿ
ಉಬ್ಬಿಸಿಬಿಡುತ್ತೆ."

ಲಗ್ಗೆರೆಯ ನಮ್ಮ ಬೀದಿಗೆ ಕಾವೇರಿ ದಿನ ಬಿಟ್ಟು ದಿನ,
ನಸುಕಿನ ಮೂರಕ್ಕೋ ನಾಲ್ಕಕ್ಕೋ, ಅದರ ಮರ್ಜಿ.
ಒಣ ನಲ್ಲಿ ತಿರುಗಿಸಿ, ಅದು ಕೆಮ್ಮುವುದನ್ನು ಕೇಳುತ್ತ
ಕೊಡದ ಪಕ್ಕ ತೂಕಡಿಸಿ ತೂಕಡಿಸಿ ಸಾಕಾಗಿತ್ತು.
ಪೀಣ್ಯದ ಗಾರ್ಮೆಂಟ್ಸಿನಲ್ಲಿ ನಾನು ಮಿಷಿನ್ ರಿಪೇರಿಯವಳು.
ನೂರಾಹತ್ತು ಹೊಲಿಗೆ ಮಿಷಿನ್ನು ನನ್ನ ಮಾತು ಕೇಳುತ್ತವೆ;
ಒಂದು ನಲ್ಲಿ ಕೇಳುವುದಿಲ್ಲವೆಂದರೆ?

ನಾಲ್ಕು ತಂತಿ.
ಕೆಂಪು ಐದು ವೋಲ್ಟಿಗೆ, ಕಪ್ಪು ನೆಲಕ್ಕೆ,
ಹಳದಿ ಮಾತಿಗೆ, ಹಸಿರು ತಾಳಕ್ಕೆ.
ಮಾತು ತಾಳ ಅದಲುಬದಲಾಗಿ
ಮೊದಲ ರಾತ್ರಿಯೆಲ್ಲ ಬೋರ್ಡು
ಆರು-ಎಂಟು, ಆರು-ಎಂಟು ಎಂದು ಮನೆ ನಂಬರು ಹಿಡಿದು ಕೂಗಿತು.
ಸಾಲ ಕೊಟ್ಟವನು ಬಾಗಿಲು ಬಡಿದಾಗ
ಒಳಗಿದ್ದೂ ಓಗೊಡದವರ ಹಾಗೆ ಚಿಪ್ಪು ಉಸಿರು ಬಿಗಿಹಿಡಿದಿತ್ತು.
ತಂತಿ ಬದಲಿಸಿದೆ. ತಟ್ಟನೆ ಬಾಗಿಲು ತೆರೆಯಿತು:
ಎರಡು ಸಾವಿರದ ಇಸವಿ, ಜನವರಿ ಒಂದು, ಸೊನ್ನೆ ಗಂಟೆ.
ಆಗ ನನಗೆ ಒಂಬತ್ತು ವರ್ಷ.
ಅವತ್ತು ನೀರು ಬಂದಿತ್ತೋ ಇಲ್ಲವೋ.

ಫೋನು ನೋಡಿ ಈ ಹೊತ್ತನ್ನು ತುಂಬಿದೆ.
ಲ್ಯಾಪ್‌ಟಾಪಿನಿಂದ ಬೋರ್ಡಿಗೆ ದಾಟುವಷ್ಟರಲ್ಲಿ
ಹನ್ನೊಂದು ಸೆಕೆಂಡು ದಾರಿಯಲ್ಲೇ ಹೋಯಿತು.
ಇರಲಿ ಬಿಡು ಅಂದೆ, ನೀನೂ ಈ ಊರಿನವನೇ.

ಅದು ಅಂಕಿಗಳನ್ನು ಇಡುವುದು ವಠಾರದ ಹಾಗೆ:
ಐವತ್ತೊಂಬತ್ತೆಂದರೆ ಒಂದು ಕೋಣೆಯಲ್ಲಿ ಐದು,
ಗೋಡೆಯಾಚೆ ಒಂಬತ್ತು. ಇಬ್ಬರೂ ಸೇರಿ
ಬಾಡಿಗೆ ಕಟ್ಟುವುದು ನಾನು ಕೂಡಿಸಿ ಓದಿದಾಗ ಮಾತ್ರ.

ಟ್ರಾನ್ಸ್‌ಫಾರ್ಮರು ಢಮ್ಮೆಂದ ರಾತ್ರಿ
ಬೀದಿ ಆರಿತು, ಫ್ಯಾನು ನಿಂತಿತು, ಬೋರ್ಡು ಕಣ್ಣು ಮುಚ್ಚಿತು.
ಒಂದು ನಾಣ್ಯದಷ್ಟು ಸೆಲ್ಲು ಹಿಡಿದುಕೊಂಡು
ಚಿಪ್ಪಿನೊಳಗಿನ ಹರಳು
ಸೆಕೆಂಡಿಗೆ ಮೂವತ್ತೆರಡು ಸಾವಿರ ಚಿಲ್ಲರೆ ಸಲ ನಡುಗುತ್ತ
ಯಾರೂ ಕೇಳದ ಹೊತ್ತನ್ನು ಎಣಿಸುತ್ತಿತ್ತು.

ಎರಡು ಮಿಷಿನ್ ಸೂಜಿ ನಲ್ಲಿಯ ಬಾಯಿಗೆ ಕಟ್ಟಿದೆ.
ನೀರು ಸೋಕಿದರೆ ಬಝರ್ರು; ಜೊತೆಗೆ ಗಂಟೆ, ನಿಮಿಷ, ಸೆಕೆಂಡು ದಾಖಲು.
ಮೂರು ನಲವತ್ತೊಂದು. ಮೂರು ಐವತ್ತೆಂಟು.
ಮೂರು ನಲವತ್ತು. ನಾಲ್ಕು ಹದಿನೇಳು!
ನಲವತ್ತು ದಿನದ ಪಟ್ಟಿ ಕೈಯಲ್ಲಿ ಹಿಡಿದು, ಒಂದು ನಸುಕು,
ತಿರುವಿನಲ್ಲಿ ವಾಲ್ವಿನ ಮುನಿಚೌಡಪ್ಪನನ್ನು ಅಡ್ಡಗಟ್ಟಿದೆ.

ಅವನ ಕೈಯಲ್ಲಿ ವಾಚಿಲ್ಲ.
ಆಳೆತ್ತರದ ಕಬ್ಬಿಣದ ಕೀಲಿ ಗುಂಡಿಗಿಳಿಸಿ
ಅದರ ತುದಿಗೆ ಕಿವಿಯಿಟ್ಟು ನಿಂತಿದ್ದ.
"ಟೈಮ್ ನೋಡ್ಕೊಂಡ್ ಬಿಟ್ರೆ ಮೇಲ್ಗಡೆ ಬೀದಿಗೆ
ಬರೀ ಗಾಳಿ ಹೋಯ್ತದೆ ಕಣಮ್ಮ. ಏರು ಹತ್ಬೇಕು ಅದು.
ಹತ್ತಿದ್ ಮ್ಯಾಲೆ ನಿಮ್ದು."
ಪಟ್ಟಿ ನೋಡಲಿಲ್ಲ. "ಬಾ ಇಲ್ಲಿ," ಎಂದು ಸರಿದ.

ಕಬ್ಬಿಣ ತಣ್ಣಗಿತ್ತು. ಮೊದಲು ಏನೂ ಇಲ್ಲ.
ಆಮೇಲೆ ಬಹಳ ಕೆಳಗೆ, ಬಹಳ ದೂರ,
ಬಸುರಿ ಮೆಟ್ಟಿಲೇರುವ ಹಾಗೆ
ನಿಂತು, ಏದುಸಿರು ಬಿಟ್ಟು, ಮತ್ತೆ ಏರುವ ಸದ್ದು.
ಎಷ್ಟು ಹೊತ್ತು ಕೇಳಿದೆನೋ.

ಮನೆಗೆ ಬಂದಾಗ ಬಝರ್ರಿನ ಗಂಟಲು ಒಡೆದಿತ್ತು.
ಪಟ್ಟಿಯ ಕೊನೆಯ ಸಾಲು:
ನಾಲ್ಕು ಗಂಟೆ ಒಂಬತ್ತು ನಿಮಿಷ ಮೂವತ್ತೆರಡು ಸೆಕೆಂಡು.
ಕೂದಲೆಳೆಯಷ್ಟೂ ತಪ್ಪಿಲ್ಲ.
ನಲ್ಲಿಯ ಕೆಳಗೆ ಕೊಡ ಇಟ್ಟಿರಲಿಲ್ಲ.