ಜೊಳ್ಳು

ಹಗಲೆಲ್ಲ ನಾನು ಹಂಸಾಕನ ಮಂಡಿಯಲ್ಲಿ
ಕರಿಮೆಣಸು ತೂಗುವವಳು.
ಹಿಡಿ ಕಾಳು ಅಂಗೈಗೆ ಸುರಿದುಕೊಂಡು ಊದುತ್ತೇನೆ.
ಹಾರಿದ್ದು ಜೊಳ್ಳು, ಉಳಿದದ್ದಕ್ಕೆ ದರ.
ಹನ್ನೊಂದು ವರ್ಷದ ಉಸಿರು,
ಊದುವ ಮೊದಲೇ ತಿಳಿಯುತ್ತದೆ
ಯಾವುದು ನಿಲ್ಲುವುದಿಲ್ಲ ಎಂದು.

ರಾತ್ರಿ ಅದೇ ಸ್ಯಾಂಪಲ್ ತಕ್ಕಡಿ
ನನ್ನ ಊಟದ ಚೀಲದಲ್ಲಿ ಮನೆಗೆ ಬರುತ್ತದೆ.
ಹಂಸಾಕನಿಗೆ ಗೊತ್ತು. ಗೊತ್ತಿಲ್ಲದವನಂತೆ
ಆ ಹೊತ್ತಿಗೆ ಸರಿಯಾಗಿ ಬೀಡಿ ಹಚ್ಚುತ್ತಾನೆ.
ತಕ್ಕಡಿಯ ಮೇಲೆ ಬಟ್ಟಲು, ಬಟ್ಟಲಲ್ಲಿ
ನೂರ ಅರವತ್ತೆಂಟು ಗ್ರಾಂ:
ಕೀವು ಕಟ್ಟಿದ ಕಣ್ಣು, ಉಬ್ಬಿದ ಹೊಟ್ಟೆ,
ಬಾಲದ ತುದಿಯನ್ನು ಎಲ್ಲೋ ಬಿಟ್ಟು ಬಂದಿದೆ.
ಅಲುಗುತ್ತದೆ, ಅಂಕಿ ನಿಲ್ಲುವುದಿಲ್ಲ.
ಒಂದು ನಿಮಿಷ ಸತ್ತ ಹಾಗಿರು ಮಾರಾಯ್ತಿ, ಎಂದುಬಿಟ್ಟು
ನಾಲಿಗೆ ಕಚ್ಚಿಕೊಳ್ಳುತ್ತೇನೆ.

ಹಿಂದೆ ಬಂದವು ಪಲ್ಪರ್ ಮನೆಯ ಗೋಣಿಯೊಳಗಿಂದ,
ಒಂದು ಕುಶಾಲನಗರದ ಬಸ್ಸಿನಲ್ಲಿ
ಟಿಕೆಟ್ಟಿಲ್ಲದೆ, ಕಂಡಕ್ಟರನ ಟೋಪಿಯೊಳಗೆ.
ಈ ನಾಲ್ಕನ್ನು ತಂದವಳು ಲೈನ್ ಮನೆಯ ಬೊಳ್ಚಿ,
ಆರನೇ ಕ್ಲಾಸು, ಯೂನಿಫಾರಮ್ಮಿನ ಮಡಿಲು.
ಅಕ್ಕಾ, ತಾಯಿ ರೋಡಿನಲ್ಲಿದೆ, ಎಂದಳು.
ಹೇಗಿದೆ ಎಂದು ನಾನು ಕೇಳಲಿಲ್ಲ.

ದೇಚಮ್ಮ ಡಾಕ್ಟರು ದನದ ಡಾಕ್ಟರು.
ತೋಳುದ್ದ ಒಳಗೆ ಹೋಗಿ ಕರು ಎಳೆದ ಕೈಯಲ್ಲಿ
ಈಗ ಸಕ್ಕರೆ ಕಾಯಿಲೆಯವರ ಸಣ್ಣ ಸಿರಿಂಜು.
ಹಂದಿಯ ಡೋಸಿನಿಂದ ಸೊನ್ನೆ ಕಳೆಯುತ್ತಾ ಕಳೆಯುತ್ತಾ
ಔಷಧಿ ಡಬ್ಬದ ಬೆನ್ನಿಗೆ ಲೆಕ್ಕ ಬರೆದರು:
ಒಂದು ಹನಿ. ಹನಿಯನ್ನು ಅರ್ಧ ಮಾಡಲು ಬಂದರೆ, ಅರ್ಧ.

ಪಕ್ಕದ ಸುಬೇದಾರರು ಖಾಲಿ ಮಾಡಿದ
ಕ್ಯಾಂಟೀನ್ ರಮ್ಮಿನ ಬಾಟಲಿಗೆ ಬಿಸಿನೀರು ತುಂಬಿ
ಉಣ್ಣೆಯ ಕಾಲುಚೀಲ ತೊಡಿಸಿದರೆ, ತಾಯಿ.
ಮರಿಗಳು ಮೂಸಿ, ಒಪ್ಪಿ, ಒರಗುತ್ತವೆ.
ಎರಡು ಗಂಟೆಗೊಮ್ಮೆ ತಾಯಿ ತಣ್ಣಗಾಗುತ್ತಾಳೆ.
ಎರಡು ಗಂಟೆಗೊಮ್ಮೆ ಎದ್ದು
ನಾನು ಅವಳನ್ನು ಕಾಯಿಸುತ್ತೇನೆ.
ಒದ್ದೆ ಹತ್ತಿಯಲ್ಲಿ ಒರೆಸಿ ಒರೆಸಿ ಕೊನೆಗೆ ಬಂದ
ಒಂದು ಹನಿ ಉಚ್ಚೆಗೆ
ಜನವರಿಯ ಮಧ್ಯರಾತ್ರಿ, ಸಿದ್ದಾಪುರದಲ್ಲಿ
ಒಬ್ಬಳೇ ಚಪ್ಪಾಳೆ ತಟ್ಟಿದ್ದೇನೆ.

ಮೂರನೆಯ ರಾತ್ರಿ ಬಾಲ ಮೊಂಡಾದದ್ದನ್ನು
ಬಟ್ಟಲಲ್ಲಿಟ್ಟೆ, ಅಭ್ಯಾಸಬಲದಿಂದ.
ನೂರ ಮೂವತ್ತೊಂದು.
ಅಂಕಿ ಕದಲಲಿಲ್ಲ.

ಬೆಳಿಗ್ಗೆ ಬೊಳ್ಚಿ ಬಂದು ಎಣಿಸಿದಳು,
ಮತ್ತೆ ಎಣಿಸಿದಳು, ಕಾಲುಚೀಲದೊಳಗೆ ಕೈಹಾಕಿ ನೋಡಿದಳು.

ಒಕ್ಕಣ್ಣಿನದು ಪಾಲಿಬೆಟ್ಟದ ಟೈಲರಿಗೆ ಹೋಯಿತು,
ಕರಿಯದು ದೇಚಮ್ಮ ಡಾಕ್ಟರಿಗೇ.
ಉಳಿದದ್ದು ವಾಲಗ.
ಮದುವೆಮನೆಯಲ್ಲಿ ಹನ್ನೊಂದು ಗಂಟೆಯ ಮೇಲೆ
ಸುಬೇದಾರರು ವಾಲಗಕ್ಕೆ ಕುಣಿದಂತೆ ಅದರ ನಡಿಗೆ.
ಎಡಕ್ಕೆ ಹೊರಟರೆ ಬಲಕ್ಕೆ ಬೀಳುತ್ತದೆ,
ಹಾಲಿಗೆ ಬಾಯಿಟ್ಟರೆ ಹಣೆ ಅದ್ದುತ್ತದೆ.
ಹೊಟ್ಟೆಯೊಳಗಿದ್ದಾಗಲೇ ಮಿದುಳು ಹಿಂದೆ ಚಿಕ್ಕದಾಯಿತು,
ನೋವಿಲ್ಲ, ವಾಸಿಯೂ ಇಲ್ಲ, ಎಂದರು ಡಾಕ್ಟರು.
ವಾಲಗಕ್ಕೆ ಇದು ಯಾರೂ ಹೇಳಿಲ್ಲ.
ಅದರ ಲೆಕ್ಕದಲ್ಲಿ ನೆಲವೇ ಅಲುಗುವುದು,
ನಾವೆಲ್ಲ ಹೇಗೋ ನಿಂತಿದ್ದೇವೆ.

ನೋಡಲು ಬಂದವರು ಇಲಿ ಹಿಡಿಯುತ್ತದೆಯೇ ಎಂದರು.
ಇಲಿ ಕನಿಕರಪಟ್ಟು ನಿಂತರೆ ಹಿಡಿದೀತು, ಎಂದೆ.
ಹೋದರು.
ಅಮ್ಮತ್ತಿ ಪೋಸ್ಟಾಫೀಸಿನ ಜಾಜಿ ಮಾತ್ರ
ಇಲಿಯ ಮಾತೆತ್ತದೆ ನೆಲದ ಮೇಲೆ ಕೂತರು.
ಮನೆಯಲ್ಲಿ ಮೆಟ್ಟಿಲಿದೆಯೇ, ನಾನು ಕೇಳಿದೆ.
ಎರಡಿವೆ, ಹಲಗೆ ಹಾಕಿಸುತ್ತೇನೆ, ಎಂದರು.
ನನಗೆ ಸುಳ್ಳು ಹೇಳುವ ಅವಕಾಶವೇ ಉಳಿಯಲಿಲ್ಲ.

ಆ ರಾತ್ರಿ ಎರಡಕ್ಕೆ ಎಚ್ಚರವಾಯಿತು.
ನೀರು ಕಾಯಿಸಿದೆ. ಕಾಯಿಸಿದ ಮೇಲೆ
ಏನು ಮಾಡುವುದು, ಕಾಫಿ ಮಾಡಿ ಕುಡಿದೆ.

ಇವತ್ತು ಮಂಡಿಯಲ್ಲಿ ನೆಲ್ಯಹುದಿಕೇರಿಯ ಪಾರ್ಟಿಯೊಬ್ಬರು
ಕಾಳಿನ ನಡುವಿಂದ ಬೂದು ಕೂದಲೊಂದನ್ನು
ಎತ್ತಿ ಹಿಡಿದರು, ಬೆಳಕಿಗೆ.
ಹಂಸಾಕ ನನ್ನ ಕಡೆ ನೋಡಲಿಲ್ಲ,
ಬೀಡಿಯ ಬೂದಿ ಕೊಡವಿ ಹೇಳಿದ:
ಅದನ್ನು ಕಳೆದೇ ತೂಗಿದ್ದು.